ತಾನ ಸೆಟ್ ಆಗತೈತ್ರಿ!

ಹುಬ್ಬಳ್ಳಿಯಲ್ಲಿ ಭಾನುವಾರ ಮುಂಜಾನೆ ಕಾರಿಗೆ ಜಾಕ್ ಕೊಟ್ಟು ಹಿಂದಿನ ಗಾಲಿ ಬಿಚ್ಚಿ ನೋಡಿ. ಚಹಾ ಬರುವಷ್ಟರಲ್ಲಿ ನಿಮ್ಮ ಸುತ್ತ ತಜ್ಞರ ಸಮಿತಿ ಕೂಡಿರುತ್ತದೆ. ಒಬ್ಬ ಮೊಬೈಲ್ ಅಂಗಡಿಯವ, ಒಬ್ಬ ವಿಮಾ ಏಜೆಂಟ್, ಗಾಡಿಯೇ ಇಲ್ಲದ ಇಬ್ಬರು. ಅಧ್ಯಕ್ಷತೆ ಈ ಕೊನೆಯವರದೇ.

ವಿದ್ಯಾನಗರದ ನಮ್ಮ ಓಣಿಯ ನಿವೃತ್ತ ಕ್ಯಾಶಿಯರ್ ಸಾಹೇಬರಿಗೆ ಮೊನ್ನೆ ಈ ಭಾಗ್ಯ ಒದಗಿತು. ಹಿಂದಿನ ಡ್ರಮ್ ಬ್ರೇಕಿನ ಲೈನರ್, ಅಂದರೆ ಗಾಲಿಯೊಡನೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತುವ ಪಟ್ಟಿ, ಸವೆದಿತ್ತು. ಗ್ಯಾರೇಜಿನ ಮಜೂರಿ ಉಳಿಸಲು ಹೊಸ ಲೈನರ್ ತಂದು ತಾವೇ ಹಾಕಿದರು. ಸ್ಪ್ರಿಂಗೂ ಸಿಕ್ಕಿಸಿದರು. ಡ್ರಮ್ ಮಾತ್ರ ಮೇಲೆ ಕೂಡ್ರಲೊಲ್ಲದು.

"ಸುತ್ತಿಗಿ ತಗೊಂಡು ನಾಕು ಬಡೀರಿ ಸಾಹೇಬ್ರ" ಎಂದ ಒಬ್ಬ. "ಅಂಗಡ್ಯಾವ ಬ್ಯಾರೆ ಗಾಡಿ ಮಾಲ್ ಕೊಟ್ಟಾನ" ಎಂದ ಇನ್ನೊಬ್ಬ. ಮೂರನೆಯವ ಸೀದಾ ಒಳಗೆ ಕೂತು ಬ್ರೇಕಿನ ಮೇಲೆ ಕಾಲಿಟ್ಟ. ಡ್ರಮ್ ತೆಗೆದಾಗ ಪೆಡಲ್ ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಬಿದ್ದು ಎಣ್ಣೆಯೆಲ್ಲ ಲೈನರಿನ ಮೇಲೆ. ಸಾಹೇಬರು ಚೀರಿದ್ದಕ್ಕೆ ಕಾಲು ತೆಗೆದ. ಕಡೆಗೆ ಅಧ್ಯಕ್ಷರ ತೀರ್ಪು ಬಂತು: "ಹೆಂಗರ ಮಾಡಿ ತುರುಕ್ರಿ. ಓಡಿಸಿದಂಗ ತಾನ ಸೆಟ್ ಆಗತೈತಿ."

ಯಾಕೆ ಕೂಡ್ರಲೊಲ್ಲದು ಎಂದು ಯಾರೂ ಕೇಳಲಿಲ್ಲ. ಹಳೆ ಲೈನರ್ ಸವೆದಂತೆಲ್ಲ ಒಳಗಿನ ಅಡ್ಜಸ್ಟರ್ (ಲೈನರ್ ಹೊತ್ತ ಎರಡು ಶೂಗಳ ನಡುವಿನ ತಿರುಪಿನ ಕಡ್ಡಿ) ಉದ್ದವಾಗುತ್ತ ಬಂದಿರುತ್ತದೆ. ದಪ್ಪನೆಯ ಹೊಸ ಲೈನರ್ ಹಾಕುವಾಗ ಅದನ್ನು ಹಿಂದಕ್ಕೆ ತಿರುಗಿಸದಿದ್ದರೆ ಡ್ರಮ್ಮಿಗೆ ಜಾಗವೆಲ್ಲಿ? ಶೂ ತುದಿ ಸಿಲಿಂಡರಿನ ಸಂದಿಯಲ್ಲಿ ಸರಿಯಾಗಿ ಕೂತಿದೆಯೇ, ಹಳೆ ಡ್ರಮ್ಮಿನ ಅಂಚಿಗೆ ಸವೆತದ ಏಣು ಎದ್ದಿದೆಯೇ ಎಂದೂ ನೋಡಬೇಕು. ಎಡ-ಬಲದ ಅಡ್ಜಸ್ಟರುಗಳ ತಿರುಪಿನ ಮರೆ ಎಷ್ಟೋ ಗಾಡಿಗಳಲ್ಲಿ ಒಂದಕ್ಕೊಂದು ಉಲ್ಟಾ ಇರುತ್ತದೆ. ಬಲ್ಲವರು ಅದಕ್ಕೇ ಎರಡೂ ಬದಿ ಒಮ್ಮೆಲೆ ಬಿಚ್ಚುವುದಿಲ್ಲ. ಒಂದನ್ನು ನೋಡಿ ಇನ್ನೊಂದನ್ನು ಜೋಡಿಸುತ್ತಾರೆ. ನಾನು ಇದನ್ನು ಹೇಳಲು ಶುರುಮಾಡಿದೆ. "ನೀವು ಬರಿಯೋರು, ಸುಮ್ನಿರ್ರಿ" ಎಂದರು.

ಅಷ್ಟರಲ್ಲಿ ಚಹಾ ತಂದ ಸಾಹೇಬರ ಮನೆಯವರು ಕಾರಿನೊಳಗೆ ಇಣುಕಿ, "ಹ್ಯಾಂಡ್ ಬ್ರೇಕ್ ಯಾಕ ಎಳದಿಟ್ಟೀರಿ?" ಎಂದರು. ಗಾಡಿ ಉರುಳಬಾರದೆಂದು ಸಮಿತಿಯ ಸದಸ್ಯನೇ ಎಳೆದಿದ್ದ. ಮುಂದಿನ ಗಾಲಿಗೆ ಒಂದು ಕಲ್ಲು ಕೊಟ್ಟಿದ್ದರೆ ಸಾಕಿತ್ತು. ಹ್ಯಾಂಡ್ ಬ್ರೇಕಿನ ಕೆಲಸವೇ ಹಿಂದಿನ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುವುದು. ಅದನ್ನು ಇಳಿಸಿ, ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿದ ಮೇಲೆ ಡ್ರಮ್ ಸದ್ದಿಲ್ಲದೆ ಕೂತಿತು. "ನಾ ಹೇಳ್ಲಿಲ್ಲೇನ್ರಿ, ತಾನ ಸೆಟ್ ಆಗತೈತಿ ಅಂತ?" ಎಂದರು ಅಧ್ಯಕ್ಷರು.

ಇವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ಅವಳಿ ನಗರದ ರಸ್ತೆಗೆ ಹಂಪ್ ಹಾಕುವುದು ಇವರ ಬೀಗರ ಸಮಿತಿಯೇ ಇರಬೇಕು. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪಿಗೆ ಲೆಕ್ಕ ಹಾಕಿಕೊಟ್ಟಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೆತ್ತಗೆ ದಾಟುವಂತೆ. ನಮ್ಮ ಓಣಿಗಳಲ್ಲಿ ಅಗಲದ ಲೆಕ್ಕ ಎತ್ತರಕ್ಕೆ ಹೋಗಿದೆಯೋ ಏನೋ. ರಾತ್ರಿ ಡಾಂಬರ್ ಸುರಿದು ಸಲಿಕೆಯಿಂದ ತಟ್ಟಿ ಹೋಗುತ್ತಾರೆ. ಬಿಳಿ ಪಟ್ಟಿಯಿಲ್ಲ, ಫಲಕವಿಲ್ಲ. ಕೇಳಿದರೆ, "ಗಾಡಿ ಅಡ್ಯಾಡಿದಂಗ ತಾನ ಸೆಟ್ ಆಗತೈತ್ರಿ." ಆಗುತ್ತದೆ, ಸುಳ್ಳಲ್ಲ, ಮೊದಲು ನಮ್ಮ ಬೆನ್ನೆಲುಬು.

125 ಸಿಸಿವರೆಗಿನ ಬೈಕುಗಳಿಗೆ ಎರಡೂ ಬ್ರೇಕ್ ಕೂಡಿ ಹಿಡಿಯುವ ವ್ಯವಸ್ಥೆ, ಇಲ್ಲವೇ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಇರಲೇಬೇಕೆಂದು ಸರ್ಕಾರ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿತು. ಪಾಪ, ದಿಲ್ಲಿಯವರಿಗೆ ಗೊತ್ತಿಲ್ಲ. ಇಲ್ಲಿ ಪುಢಾರಿಯ ಮನೆ ಮುಂದೊಂದು, ಅವನ ಎದುರಾಳಿಯ ಮನೆ ಮುಂದೆ ಅದಕ್ಕಿಂತ ಎತ್ತರದ್ದೊಂದು ಹಂಪ್ ಇರುವಾಗ ಗಾಡಿಗೇಕೆ ಬ್ರೇಕು?

ಸಾಹೇಬರು ಟ್ರಯಲ್‌ಗೆಂದು ಉಣಕಲ್ ಕೆರೆವರೆಗೆ ಒಳರಸ್ತೆಯಲ್ಲೇ ಹೋಗಿ ಬಂದರು. ಸಮಿತಿ ಕಟ್ಟೆಯ ಮೇಲೆ ಕಾದಿತ್ತು.

"ಹೆಂಗ್ರಿ, ಬ್ರೇಕ್ ಹಿಡೀತೇನು?"

"ಗೊತ್ತಿಲ್ಲೋ ಮಾರಾಯಾ. ಎರಡನೇ ಗೇರ್ ದಾಟಲೇ ಇಲ್ಲ. ಒತ್ತೋ ಪ್ರಸಂಗನ ಬರ್ಲಿಲ್ಲ."