ದಂಡದ ರಸೀದಿ ಜೊತೆ ಆಸ್ಪತ್ರೆಯ ಚೀಟಿಯನ್ನೂ ಕೊಡಿ

ಕುಡಿದು ಗಾಡಿ ಓಡಿಸಿದವರಿಗೆ ದಂಡ ಹಾಕಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ದಂಡ ಕಟ್ಟಿ ಕೋರ್ಟಿನಿಂದ ಹೊರಬಂದವನು ಸಂಜೆಗೆ ಮತ್ತೆ ಬಾರಿಗೇ ಹೋದರೆ ಕೇಳುವವರು ಯಾರು?

ಕಾನೂನೇನೋ ಬಿಗಿಯಾಗಿಯೇ ಇದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಮೊದಲ ಸಲ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆ ಹತ್ತು ಸಾವಿರ ಎಲ್ಲಿಂದ ಬರಬೇಕು? ಸಂಡೂರು ಕಡೆ ಅದಿರು ಲಾರಿ ಓಡಿಸುವವನ ಮನೆಯಲ್ಲಿ ಹೆಂಡತಿ ಸಂಘದಲ್ಲಿ ಸಾಲ ತೆಗೆಯಬೇಕು. ಕುಡಿದವನು ಅವನು, ವಾರವಾರ ಕಂತು ಕಟ್ಟುವವಳು ಅವಳು.

ಮದುವೆಯಲ್ಲಿ ಗೆಳೆಯರ ಜೊತೆ ಕುಡಿದು ಬೈಕ್ ಹತ್ತಿದ ಹುಡುಗನಿಗೆ ದಂಡದ ಭಯ ಸಾಕಾಗಬಹುದು. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ ಅಂತ ಕುಡಿಯುವವನಿಗೆ ಸಾಕಾಗುವುದಿಲ್ಲ. ಅವನದು ಕಾಯಿಲೆ. ಇಬ್ಬರಲ್ಲಿ ಯಾರು ಯಾವ ಕಡೆ ಅಂತ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಕೇಳಿ ಮುಗಿಸಲು ಕೆಲವೇ ನಿಮಿಷ ಸಾಕು. ಶಿಕ್ಷೆಯಾದ ಪ್ರತಿಯೊಬ್ಬರಿಗೂ ಇದನ್ನು ಕೇಳಲಿ, ಬೇಕಾದವರನ್ನು ಮನೋವೈದ್ಯರ ಹತ್ತಿರ ಕಳಿಸಲಿ ಅನ್ನುವುದೇ ನನ್ನ ಬೇಡಿಕೆ.

ಮನೆಯವರಿಗೂ ಒಂದು ಮಾತು. ದಿನಾ ವಿಪರೀತ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಗೊತ್ತಾಗದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವುದಂತೂ ಬೇಡವೇ ಬೇಡ. ಅದರ ಮೇಲೆ ಕುಡಿದರೆ ಬಿಪಿ ಕುಸಿದು ಬೀಳಬಹುದು. ಮೊದಲು ಡಾಕ್ಟರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಬಳ್ಳಾರಿಯಲ್ಲಿ ಇದೆಲ್ಲಾ ಆಗುತ್ತಾ ಅಂತ ಕೇಳಬೇಡಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯಲ್ಲೇ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮಾನಸಿಕ ಕಾಯಿಲೆಗೆ ಔಷಧಿ ಕೊಡಬಹುದು ಅಂತ ಮಾಡಿ ತೋರಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಊರಿನಲ್ಲಿ ಕೋರ್ಟಿನಿಂದ ಆಸ್ಪತ್ರೆಗೆ ಒಂದು ಚೀಟಿ ಹೋಗುವುದು ಅಷ್ಟು ಕಷ್ಟವೇ?

1958ರ ಪ್ರೊಬೇಷನ್ ಕಾಯ್ದೆಯಲ್ಲಿ ತಪ್ಪು ಮಾಡಿದವರನ್ನು ಜೈಲಿಗೆ ಕಳಿಸದೆ ಮೇಲ್ವಿಚಾರಣೆಯಲ್ಲಿ ಬಿಡುವಾಗ ಕುಡಿಯಬಾರದು ಅಂತ ಷರತ್ತು ಹಾಕಲು ಆಗಲೇ ಅವಕಾಶ ಇದೆ. ಬರೀ ಷರತ್ತಿನಿಂದ ಕುಡಿತ ಬಿಡುವುದಿಲ್ಲ, ಚಿಕಿತ್ಸೆ ಜೊತೆಗಿರಬೇಕು. ವಕೀಲ ಗೆಳೆಯರೇ, ಮುಂದಿನ ಇಂಥ ಕೇಸಿನಲ್ಲಿ ಶಿಕ್ಷೆ ಕಡಿಮೆ ಮಾಡಿ ಅಂತ ಕೇಳುವಾಗ, ಚಿಕಿತ್ಸೆಗೆ ಕಳಿಸಿ ಅಂತಲೂ ಕೇಳಿ.