ಹೆಸರಿಗೆ ಮಸಿ ಬಳಿದು ಉಳಿದದ್ದನ್ನು ಕೊಡಬಹುದಲ್ಲ?

ಪೊಲೀಸರು ಖಾಸಗಿತನದ ನೆಪ ಹೇಳಿ ಮಾಹಿತಿ ಹಕ್ಕಿನ ಅರ್ಜಿಗಳನ್ನು ತಳ್ಳಿಹಾಕುತ್ತಾರೆ ಎಂದು ಲೇಖನವೊಂದರಲ್ಲಿ ಓದಿದೆ; ಲೇಖಕರ ಆ ಮಾತು ಸರಿ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಮನ್ನು ಅವರು ಪ್ರಸ್ತಾಪಿಸಬೇಕಿತ್ತು. ಧಾರವಾಡದ ನಮ್ಮ ಬಡಾವಣೆಯಲ್ಲಿ ಒಂದು ವರ್ಷದಲ್ಲಿ ಬೈಕ್ ಕಳವಿನ ದೂರುಗಳು ಎಷ್ಟು ಬಂದಿವೆ, ಎಷ್ಟರಲ್ಲಿ ಎಫ್‌ಐಆರ್ ಆಗಿದೆ ಎಂದು 10 ರೂಪಾಯಿ ಶುಲ್ಕ ಕಟ್ಟಿ ಕೇಳಿದ್ದಕ್ಕೆ, ‘ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು, 8(1)(ಜೆ) ಅಡಿ ನೀಡಲು ಬರುವುದಿಲ್ಲ’ ಎಂಬ ಒಂದೂವರೆ ಸಾಲಿನ ಹಿಂಬರಹ ನನಗೆ ಬಂದಿತ್ತು. 8(1)(ಜೆ) ಎಂದರೆ ವೈಯಕ್ತಿಕ ಮಾಹಿತಿಯನ್ನು ಕೊಡುವುದರಿಂದ ವಿನಾಯಿತಿ ನೀಡುವ ಕಲಂ. ಬರೀ ಎಣಿಕೆಯಲ್ಲಿ ಯಾರ ಖಾಸಗಿತನ ಅಡಗಿದೆಯೋ! ದೂರುದಾರರ ಹೆಸರು, ಮೊಬೈಲ್ ಸಂಖ್ಯೆಗಳಂಥವನ್ನು ಬೇರ್ಪಡಿಸಿ ಉಳಿದ ಭಾಗವನ್ನು ಒದಗಿಸಲು 10ನೇ ಕಲಂ ದಾರಿ ಮಾಡಿಕೊಟ್ಟಿದೆ. ತನಿಖೆಗೆ ಅಡ್ಡಿಯಾಗುವಂತಿದ್ದರೆ 8(1)(ಎಚ್), ಸುಳಿವು ಕೊಟ್ಟವರ ಜೀವಕ್ಕೆ ಅಪಾಯವಿದ್ದರೆ 8(1)(ಜಿ) ಮಾಹಿತಿ ನಿರಾಕರಿಸಲು ಪ್ರತ್ಯೇಕವಾಗಿಯೇ ಇವೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ, 8(1)(ಜೆ)ಯಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನೇ ತೆಗೆದುಹಾಕಿದ್ದು ದೊಡ್ಡ ಪೆಟ್ಟು ಎಂಬುದನ್ನು ಒಪ್ಪುತ್ತೇನೆ. ಆದರೂ ಸಾರ್ವಜನಿಕ ಹಿತವು ಹಾನಿಗಿಂತ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆನ್ನುವ 8(2) ಹಾಗೆಯೇ ಉಳಿದಿದೆ. 10 ಮತ್ತು 8(2) ಈ ಎರಡು ಕಲಂಗಳನ್ನು ಎತ್ತಿ ಬರೆದು 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿದೆ. ವಿಚಾರಣೆಯ ದಿನ, ವಾದವನ್ನೇನೂ ಕೇಳದೆ, ಅಂಕಿಗಳಿದ್ದ ಒಂದೇ ಹಾಳೆಯನ್ನು ಮೊಹರು ಹಾಕಿ ಕೈಗಿಟ್ಟರು.