ಎರಡೂವರೆ ಬಾತ್‌ರೂಮು

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನನ್ನ ಅಕ್ಕನ ಮನೆಗೆ ಎರಡೂವರೆ ಬಾತ್‌ರೂಮು. ಅರ್ಧ ಅಂದರೆ ಸ್ನಾನಕ್ಕೆ ಜಾಗ ಇಲ್ಲದ್ದು. ಅಮೆರಿಕದಲ್ಲಿ ಮನೆ ಮಾರುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ ಎರಡರಲ್ಲಿ ಒಂದು ಅಕ್ಕ-ಭಾವನ ಕೋಣೆಯ ಒಳಗಿದೆ. ತಮ್ಮನಾದವನು ಬೆಳಿಗ್ಗೆ ಎದ್ದು ಹೆಗಲಿಗೆ ಬೈರಾಸು ಹಾಕಿಕೊಂಡು ಅಲ್ಲಿಗೆ ನುಗ್ಗುವ ಹಾಗಿಲ್ಲ. ಹಾಗಾಗಿ 2019ರ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಅಕ್ಕನ ಮಗಳ ಬಾತ್‌ರೂಮು. ಅವಳಿಗೆ ಆಗ ಹದಿನೈದು ವರ್ಷ.

ಅವಳು ಒಳಗೆ ಹೋದರೆ ಹಾಡು ಶುರು. ಫೋನಿನಲ್ಲಿ ರೆಕಾರ್ಡು, ಅದರ ಮೇಲೆ ಇವಳ ದನಿ, ಅದರ ಮೇಲೆ ಶವರಿನ ಸದ್ದು. ಅದಾದರೂ ಎಂಥ ಹಾಡು ಅಂತೀರಿ? ಬಾತ್‌ರೂಮಿನದ್ದೇ! ಒಬ್ಬ ಹುಡುಗ ಪಾರ್ಟಿಗೆ ಹೋಗುತ್ತಾನೆ. ಅಲ್ಲಿ ಜೀವದ ಗೆಳೆಯನೇ ಅವನನ್ನು ದೂರ ಮಾಡುತ್ತಾನೆ. ಇವನು ಬಾತ್‌ರೂಮಿಗೆ ಹೋಗಿ, ಚಿಲಕ ಹಾಕಿಕೊಂಡು, ಒಳಗೆ ಕೂತು ಹಾಡುತ್ತಾನೆ. ಹಾಡಿನ ಮಧ್ಯೆ ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಾರೆ. ಒಂದು ದಿನ ನಾನೂ ಸರಿಯಾಗಿ ಅದೇ ಹೊತ್ತಿಗೆ ಬಡಿದುಬಿಟ್ಟೆ. ಒಳಗಿನಿಂದ ಖುಷಿಯ ಕಿರುಚಾಟ. "ಮಾವ, ಪರ್ಫೆಕ್ಟ್ ಟೈಮಿಂಗ್!" ಅಂದಳು. ನಾನು ಬಡಿದದ್ದು ಅವಸರಕ್ಕೆ, ತಾಳಕ್ಕಲ್ಲ ಅಂತ ಹೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಆ ಹಾಡು 'ಬಿ ಮೋರ್ ಚಿಲ್' ಅನ್ನುವ ಸಂಗೀತ ನಾಟಕದ್ದು. ಕತೆಯನ್ನು ನಾನು ಪೂರ್ತಿ ಹೇಳುವುದಿಲ್ಲ. ಹೈಸ್ಕೂಲಿನಲ್ಲಿ ಯಾರೂ ಕ್ಯಾರೇ ಅನ್ನದ ಹುಡುಗನೊಬ್ಬ ಮಾತ್ರೆಯಷ್ಟು ಗಾತ್ರದ ಕಂಪ್ಯೂಟರ್ ನುಂಗುತ್ತಾನೆ, ಅದು ಅವನ ತಲೆಯೊಳಗೆ ಕೂತು ಹೀಗೆ ನಿಲ್ಲು, ಹಾಗೆ ನಡೆ ಅಂತ ಹೇಳಿಕೊಡುತ್ತದೆ. ಆ ಮಾತ್ರೆ ಸಿಗುವುದು ಮಾಲ್‌ನ ಚಪ್ಪಲಿ ಅಂಗಡಿಯಲ್ಲಿ. ನುಂಗಬೇಕಾದದ್ದು ಮೌಂಟನ್ ಡ್ಯೂ ಜೊತೆ. ಇಷ್ಟು ಗೊತ್ತಾದರೆ ಉಳಿದದ್ದನ್ನು ಊಹಿಸಬಹುದು. ಊಹಿಸದಿದ್ದರೂ ನಷ್ಟವಿಲ್ಲ.

ನನಗೆ ಕಿರಿಕಿರಿ ಆದದ್ದು ಕತೆಯಿಂದಲ್ಲ. ಯಾವ ಹಾಡು ಯಾವ ದೃಶ್ಯದ ನಂತರ, ಯಾರು ಯಾವ ಅಂಗಿ ಹಾಕಿರುತ್ತಾರೆ, ಯಾವ ಸಾಲಿಗೆ ಯಾರ ದನಿ ನಡುಗುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಅವಳ ಕೋಣೆಯ ಗೋಡೆ ತುಂಬ ಕೆಂಪು ಹೂಡಿ, ಅಂದರೆ ತಲೆಮುಸುಕಿನ ಅಂಗಿ ಹಾಕಿ, ಕಿವಿಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗನ ಚಿತ್ರಗಳು. ಬಾತ್‌ರೂಮಿನಲ್ಲಿ ಹಾಡುವ ಮೈಕಲ್ ಇವನೇ. ಚಿತ್ರ ಎಲ್ಲ ಇವಳೇ ಬರೆದದ್ದು. "ನಾಟಕ ಎಷ್ಟು ಸಲ ನೋಡಿದ್ದೀ?" ಅಂತ ಕೇಳಿದೆ.

"ಇನ್ನೂ ನೋಡಿಲ್ಲ ಮಾವ."

ಅವಳೊಬ್ಬಳೇ ಅಲ್ಲವಂತೆ. ಈ ನಾಟಕ ಮೊದಲು ಆಡಿದ್ದು 2015ರಲ್ಲಿ, ಅದೇ ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಅನ್ನುವ ಊರಿನ ಟೂ ರಿವರ್ ಥಿಯೇಟರಿನಲ್ಲಿ. ಎಡಿಸನ್‌ನಿಂದ ಕಾರಿನಲ್ಲಿ ಒಂದು ಗಂಟೆಯೂ ಬೇಡ. ನೆಡ್ ವಿಜಿನಿ 2004ರಲ್ಲಿ ಬರೆದ ಕಾದಂಬರಿಗೆ ಜೋ ಐಕಾನಿಸ್ ಹಾಡು ಕಟ್ಟಿದ್ದರು. ನ್ಯೂಯಾರ್ಕಿನ ದೊಡ್ಡ ಪತ್ರಿಕೆಯ ವಿಮರ್ಶಕರು ಮೂಗು ಮುರಿದರು. ನಾಟಕದವರು ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಿದರು. ಹಾಡುಗಳ ರೆಕಾರ್ಡು ಮಾಡಿಟ್ಟದ್ದೊಂದು ಪುಣ್ಯ. ಸುಮಾರು ಒಂದೂವರೆ ವರ್ಷ ಅದನ್ನು ಹೆಚ್ಚಿನವರು ಕೇಳಿರಲಿಲ್ಲ. 2017ರಲ್ಲಿ ಎಲ್ಲೆಲ್ಲಿಯದೋ ಮಕ್ಕಳ ಕಿವಿಗೆ ಅದು ಬಿತ್ತು. ಅವರು ಕೇಳಿದರು, ಗೆಳೆಯರಿಗೆ ಕೇಳಿಸಿದರು, ಹಾಡಿದರು. ನಾಟಕ ಕಂಡವರು ಕಡಿಮೆ, ಹಾಗಾಗಿ ಪಾತ್ರಗಳಿಗೆ ತಾವೇ ಮುಖ ಬರೆದರು. ಆ ಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಹಾಡಿಗೆ ತಕ್ಕ ಹಾಗೆ ಓಡಿಸಿದರು. ರೆಕಾರ್ಡು ಕೇಳಿದ ಲೆಕ್ಕ 10 ಕೋಟಿ ಮೀರಿತು. ಆಗ ನ್ಯೂಯಾರ್ಕಿನವರಿಗೆ ಎಚ್ಚರ ಆಯಿತು. 2018ರಲ್ಲಿ ಒಂದು ಸಣ್ಣ ಥಿಯೇಟರಿನಲ್ಲಿ ಆಡಿದರೆ ಟಿಕೆಟ್ ಎಲ್ಲ ಖಾಲಿ. 2019ರ ಮಾರ್ಚಿನಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಗಳ ಕೇರಿಯಾದ ಬ್ರಾಡ್‌ವೇಗೇ ಬಂತು.

ಇದನ್ನೆಲ್ಲ ಕೇಳಿ ನನಗೆ ಮೆಚ್ಚುಗೆ ಆಗಬೇಕಿತ್ತು, ಆಗಲಿಲ್ಲ. ನಾಟಕ ಅಂದರೆ ನೋಡುವಂಥದ್ದು ಅಲ್ವಾ? ನೋಡದೆಯೇ ಅಳುವುದು, ಜಗಳ ಆಡುವುದು, ಗೋಡೆಗೆಲ್ಲ ಚಿತ್ರ ಅಂಟಿಸುವುದು ಎಂಥ ಮರುಳು ಅಂತ ರಾತ್ರಿ ಊಟ ಆದ ಮೇಲೆ ಭಾವನ ಹತ್ತಿರ ಶುರು ಮಾಡಿದೆ. ಭಾವ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ನಿನ್ನ ಸೋದರಮಾವ?" ಅಂದರು.

ಭಾವ ಆ ವಿಷಯ ತೆಗೆಯಬಾರದಿತ್ತು. ತೆಗೆದರಲ್ಲ, ಇನ್ನು ಹೇಳದೆ ವಿಧಿ ಇಲ್ಲ.

ಪುತ್ತೂರಿನ ಆಚೆ ಮಾವನ ಮನೆ, ಅಡಿಕೆ ತೋಟ. ಊರಿಗೆ ಮೊದಲು ಟೇಪ್‌ರೆಕಾರ್ಡರ್ ಬಂದದ್ದು ಆ ಮನೆಗೆ. ಅದರ ಜೊತೆ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದ ಯಕ್ಷಗಾನದ ಕ್ಯಾಸೆಟ್ಟುಗಳೂ ಬಂದವು. ತಾಳಮದ್ದಳೆಯಲ್ಲಿ ನೋಡುವುದಕ್ಕೆ ಏನಿದೆ ಮಾರಾಯ್ರೆ, ಪಂಚೆ ಉಟ್ಟು ಶಾಲು ಹೊದ್ದು ಸಾಲಾಗಿ ಕೂತ ಗಂಡಸರು! ಎಲ್ಲ ಮಾತಿನಲ್ಲೇ. ಮಾವನಿಗೆ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅಂದರೆ ಪ್ರಾಣ. ರಾತ್ರಿ ಉಂಡು, ಜಗಲಿಯಲ್ಲಿ ಎಲೆ ಅಡಿಕೆ ಹರಿವಾಣ ಎಳೆದುಕೊಂಡು ಕ್ಯಾಸೆಟ್ ಹಾಕಿದರೆ ಯಾರೂ ಕೆಮ್ಮುವ ಹಾಗಿರಲಿಲ್ಲ. ವಾಲಿಗೆ ಬಾಣ ನಾಟುತ್ತದೆ. ಬಿದ್ದಲ್ಲಿಂದಲೇ ಅವನು ರಾಮನನ್ನು ಕೇಳುವುದಕ್ಕೆ ಶುರು ಮಾಡುತ್ತಾನೆ. ನಾನು ನಿನಗೇನು ಮಾಡಿದ್ದೆ, ಮರದ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ಒಂದೊಂದು ಪ್ರಶ್ನೆಗೂ ಮಾವ ತೊಡೆ ತಟ್ಟುವುದು. ಪ್ರಶ್ನೆ ಏರಿ ಏರಿ ಇನ್ನೇನು ರಾಮ ಬಾಯಿ ತೆರೆಯಬೇಕು ಅನ್ನುವಾಗ ಟಕ್ ಅಂತ ಎ ಬದಿ ಮುಗಿಯುತ್ತಿತ್ತು.

ಮಾವ ಕ್ಯಾಸೆಟ್ ತಿರುಗಿಸಿ ಹಾಕುವರು. ಬಿ ಬದಿಯಲ್ಲಿ ಹೆಂಗಸರ ಶೋಭಾನೆ.

ಯಾರದೋ ಮದುವೆಯಲ್ಲಿ ಖಾಲಿ ಕ್ಯಾಸೆಟ್ ಸಿಗದೆ ಯಾರೋ ಅದರ ಮೇಲೆ ರೆಕಾರ್ಡ್ ಮಾಡಿಬಿಟ್ಟಿದ್ದರು. ಹಾಗಾಗಿ ಆ ಮನೆಯಲ್ಲಿ ವಾಲಿಯ ಪ್ರಶ್ನೆಗೆ ರಾಮನ ಉತ್ತರ ಇವತ್ತಿಗೂ ಬಂದಿಲ್ಲ. ವಾಲಿ ಎದೆಗೆ ಬಾಣ ಹಿಡಿದುಕೊಂಡು ಕೇಳುತ್ತಾನೆ, ಅತ್ತೆಯರು ಹಸೆಗೆ ಬಾ ಅಂತ ಕರೆಯುತ್ತಾರೆ.

ಆಚೆಮನೆ ಭಟ್ಟರಿಗೆ ಇದು ಸಹಿಸಲಿಲ್ಲ. ಅವರು ಆ ಕ್ಯಾಸೆಟ್ಟಿನಲ್ಲಿ ರಾಮನ ಅರ್ಥ, ಅಂದರೆ ರಾಮನಾಗಿ ಮಾತು, ಹೇಳಿದವರ ಕಡೆಯವರು. ಆ ಅರ್ಥಧಾರಿಯ ಹೆಸರು ಹೇಳಿದರೆ ಈಗಲೂ ಎರಡು ಪಂಗಡ ಆಗುತ್ತದೆ, ಬೇಡ. ರಾಮ ಬಾಯಿ ತೆರೆದಿದ್ದರೆ ನಿಮ್ಮ ವಾಲಿಯ ಮಾತು ನಿಲ್ಲುತ್ತಿತ್ತು, ಅದಕ್ಕೇ ನೀವು ಬೇಕೂಂತಲೇ ಅಳಿಸಿದ್ದು ಅಂತ ಭಟ್ಟರ ಆರೋಪ. ರಾಮ ಹೇಳಿದ್ದನ್ನು ಜಗಲಿಯಲ್ಲಿ ಕೂತು ತಾನೇ ಹೇಳಿ ತೋರಿಸಿದರು. ಮಾವ ಎಲೆಗೆ ಸುಣ್ಣ ಹಚ್ಚುತ್ತ, "ಇರಬಹುದು. ಕ್ಯಾಸೆಟ್ಟಿನಲ್ಲಿ ಇಲ್ಲವಲ್ಲ," ಅಂದರು. ಭಟ್ಟರು ಎಲೆ ಹಾಕಿಕೊಳ್ಳದೆ ಎದ್ದು ಹೋದರು. ಅಲ್ಲಿಂದ ಅದು ತೋಟಕ್ಕೆ ನೀರು ಬಿಡುವ ಪಾಳಿಗೆ ಬಂತು. ಕಟ್ಟೆಯ ನೀರನ್ನು ಯಾರು ಮೊದಲು ತಿರುಗಿಸಿದರು ಅನ್ನುವ ಜಗಳದಲ್ಲೂ ಮಾವ ಒಮ್ಮೆ, "ಮರೆಯಲ್ಲಿ ನಿಂತು ಹೊಡೆಯುವ ಜಾತಿ," ಅಂದುಬಿಟ್ಟರು. ಭಟ್ಟರ ಮಗನ ಮದುವೆಗೆ ಮಾವ ಹೋದರು, ಹೋಗದಿದ್ದರೆ ಊರು ಆಡಿಕೊಳ್ಳುತ್ತದೆ. ಪಂಕ್ತಿಯಲ್ಲೂ ಕೂತರು. ಹೋಳಿಗೆ ಹಿಡಿದುಕೊಂಡು ಭಟ್ಟರೇ ಬಡಿಸಲು ಬಂದಾಗ ಮಾತ್ರ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಭಟ್ಟರೂ ಜಗ್ಗಲಿಲ್ಲ. ಕೈಯ ಮೇಲೆಯೇ ಹೋಳಿಗೆ ಹಾಕಿ, ಅದರ ಮೇಲೆ ತುಪ್ಪವನ್ನೂ ಬಿಟ್ಟು ಮುಂದಿನ ಎಲೆಗೆ ಹೋದರು.

ಅಂದ ಹಾಗೆ ಆ ತಾಳಮದ್ದಳೆ ಕೂಟ ನಡೆದ ಊರಿಗೆ ಇಬ್ಬರೂ ಹೋದವರಲ್ಲ.

ಅದಿರಲಿ, ಭಾವನಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಮಾವ ಬಾತ್‌ರೂಮಿನಲ್ಲಿ ಕೂತು ಅರ್ಥ ಹೇಳುತ್ತಿರಲಿಲ್ಲ.

ಸೋದರಮಾವ ಅಂದ ಮೇಲೆ ಏನಾದರೂ ಕೊಡಿಸಬೇಕಲ್ಲ. ಹುಡುಗಿಗೆ ಬಳೆ ಬೇಡ, ಬಟ್ಟೆ ಬೇಡ, ಟಿಕೆಟ್ ಬೇಕು. ಒಂದೊಂದಕ್ಕೆ ನೂರು ಡಾಲರಿನ ಮೇಲೆ. ಆಗ ಡಾಲರಿಗೆ 70 ರೂಪಾಯಿಯ ಹತ್ತಿರ. ಗುಣಾಕಾರ ಮಾಡಬೇಡಿ ಅಂತ ಅಕ್ಕ ಹೇಳಿದಳು, ನಾನು ಮಾಡಿದೆ.

ನಾಟಕ ನಡೆಯುತ್ತಿದ್ದ ಲೈಸಿಯಂ ಥಿಯೇಟರು 1903ರದ್ದು. ಕಂಬ, ಗಿಲೀಟು, ಒಂದರ ಮೇಲೊಂದು ಬಾಲ್ಕನಿ, ಎಲ್ಲ ಚೆಂದ. ಸುಮಾರು 900 ಸೀಟು. ಆ ಕಾಲದ ಜನರ ಮಂಡಿ ಗಿಡ್ಡ ಇತ್ತೋ ಏನೋ, ನನ್ನ ಮಂಡಿಗಂತೂ ಅಲ್ಲಿ ಜಾಗ ಇರಲಿಲ್ಲ. ಹೊರಗೆ ಜುಲೈ ತಿಂಗಳ ಧಗೆ. ಆ ಧಗೆಯಲ್ಲಿ ಕೆಂಪು ಹೂಡಿ ಹಾಕಿಕೊಂಡು, ಕತ್ತಿಗೆ ಹೆಡ್‌ಫೋನ್ ನೇತುಹಾಕಿಕೊಂಡ ಮಕ್ಕಳ ಸಾಲು. ಒಬ್ಬಳ ಬೆನ್ನುಚೀಲದ ಮೇಲೆ 'ಬಾಯ್‌ಫ್' ಅಂತ ಇತ್ತು. ಏನಿದು ಅಂತ ನೋಡುವಷ್ಟರಲ್ಲಿ ಪಕ್ಕಕ್ಕೆ ಇನ್ನೊಬ್ಬಳು ಬಂದಳು. ಅವಳ ಚೀಲದಲ್ಲಿ 'ರೆಂಡ್ಸ್'. ನಾಟಕದಲ್ಲಿ ಇಬ್ಬರು ಗೆಳೆಯರನ್ನು ಚುಡಾಯಿಸಲು ಯಾರೋ ಅವರ ಚೀಲಗಳ ಮೇಲೆ ಹಾಗೆ ಗೀಚಿರುತ್ತಾರೆ. ಇವರು ದುಡ್ಡು ಕೊಟ್ಟು ಗೀಚಿಸಿಕೊಂಡಿದ್ದಾರೆ.

ಒಳಗೆ ಗದ್ದಲವೋ ಗದ್ದಲ. ಪಾತ್ರ ಬಂದರೆ ಕಿರುಚಾಟ, ಪಾತ್ರ ಹೋದರೆ ಕಿರುಚಾಟ. ವಾದ್ಯಗಳಲ್ಲಿ ಥೆರಮಿನ್ ಅಂತ ಒಂದಿದೆ, ಮುಟ್ಟದೆ ನುಡಿಸುವಂಥದ್ದು. ಹತ್ತಿರ ಗಾಳಿಯಲ್ಲಿ ಕೈ ಆಡಿಸಿದರೆ ಕೂಗುತ್ತದೆ. ಅದರ ದನಿಯನ್ನು ಸರಿಯಾಗಿ ಕೇಳಬೇಕು ಅಂತ ನನಗೆ ಆಸೆ ಇತ್ತು. ಹಿಂದಿನ ಸೀಟಿನ ಹುಡುಗಿ ಅದಕ್ಕಿಂತ ಮೇಲಿನ ಶ್ರುತಿಯಲ್ಲಿ ಕೂಗುತ್ತಿದ್ದಳು. ಮಧ್ಯಂತರದಲ್ಲಿ ಒಂದು ಲೋಟ ಕೋಲಾದ ಬೆಲೆ ಕೇಳಿ ನೀರೇ ಸಾಕು ಅಂದೆ. ನೀರಿಗೂ ದುಡ್ಡು.

ಎರಡನೆಯ ಅಂಕದಲ್ಲಿ ಆ ಹಾಡು ಬಂತು. ಜಾರ್ಜ್ ಸಲಜಾರ್ ಅನ್ನುವ ನಟ. ರೆಡ್ ಬ್ಯಾಂಕಿನಲ್ಲೂ ಅವರೇ ಮೈಕಲ್, ಇಲ್ಲೂ ಅವರೇ. ಬಾಯಿ ತೆರೆಯುವ ಮೊದಲೇ ಮಕ್ಕಳು ಚಪ್ಪಾಳೆ ಹೊಡೆದು, ಆಮೇಲೆ ಯಾರೋ ಗದರಿಸಿದ ಹಾಗೆ ಒಮ್ಮೆಲೇ ಸುಮ್ಮನಾದರು. ಅವರು ಹಾಡಿದ್ದು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಒಬ್ಬನೇ ಕೂತು ತನ್ನನ್ನೇ ಬೈದುಕೊಳ್ಳುವ ಹುಡುಗನ ಸಂಕಟ ನನ್ನ ಪ್ರಾಯದವನಿಗೂ ತಾಗಿತು. ಆದರೆ ಶವರಿನ ಸದ್ದು ಇಲ್ಲದೆ ಏನೋ ಕೊರತೆ. ಬಾಗಿಲು ಬಡಿಯುವ ಜಾಗದಲ್ಲಿ ನನ್ನ ಕೈ ತಾನಾಗಿ ಮೇಲೆದ್ದಿತ್ತು. ಅವರು ಸ್ವಲ್ಪ ತಡವಾಗಿ ಬಡಿದರು ಅಂತ ನನ್ನ ಅಭಿಪ್ರಾಯ.

ಅಷ್ಟರಲ್ಲಾಗಲೇ ನಾಟಕ ನಿಲ್ಲಿಸುವ ದಿನ ಗೊತ್ತಾಗಿತ್ತು, ಆಗಸ್ಟ್ 11. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗೆ ಆ ವರ್ಷ ಸಂಗೀತದ ಒಂದೇ ವಿಭಾಗದಲ್ಲಿ ಹೆಸರು ಬಂದಿತ್ತು. ಅದೂ 'ಹೇಡ್ಸ್‌ಟೌನ್' ಅನ್ನುವ ಇನ್ನೊಂದು ನಾಟಕಕ್ಕೆ ಹೋಯಿತು. ದೊಡ್ಡವರು ನಮ್ಮ ನಾಟಕ ಕೊಂದರು ಅಂತ ಹುಡುಗಿಯ ಸಿಟ್ಟು. ಹತ್ತು ಕೋಟಿ ಸಲ ಕೇಳಿದವರಿಂದ ಬ್ರಾಡ್‌ವೇಯಲ್ಲಿ ಆರು ತಿಂಗಳೂ ಓಡಿಸಲು ಆಗಲಿಲ್ಲವಲ್ಲ ಅಂತ ನಾನು ಕೇಳಿದೆ. ಕೇಳಬಾರದಿತ್ತು, ಗೊತ್ತು. ಕೇಳುವವರು ಮಕ್ಕಳು, ಪರ್ಸು ಇರುವುದು ಅಪ್ಪನ ಜೇಬಿನಲ್ಲಿ, ಅಪ್ಪನಿಗೆ ಕಿವಿನೋವು. ಒಬ್ಬಳು ಓಹಾಯೋದಲ್ಲಿ, ಇನ್ನೊಬ್ಬ ಮನಿಲಾದಲ್ಲಿ. ಹಾಡು ಪುಕ್ಕಟೆ, ವಿಮಾನ ಪುಕ್ಕಟೆ ಅಲ್ಲ. ನಮ್ಮ ಮಾವನಾದರೂ ಒಂದು ಕ್ಯಾಸೆಟ್ಟಿಗೆ ಕಾಸು ಬಿಚ್ಚಿದವರಲ್ಲ. ಎಲ್ಲ ಕಾಪಿ ಮಾಡಿಸಿದ್ದೇ.

ಆಟ ಮುಗಿದ ಮೇಲೆ ಹಿಂಬಾಗಿಲಲ್ಲಿ ನಟರು ಸಹಿ ಹಾಕುತ್ತಾರೆ ಅಂತ ನಿಂತೆವು. ಹಸಿವು, ಸೆಖೆ, ತಳ್ಳಾಟ. ಪುಸ್ತಕದ ಮೇಲೆ ಅಂತೂ ಏನೋ ಒಂದು ಗೀಟು ಬಿತ್ತು. ಅದು ಯಾರ ಸಹಿ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಪೆನ್ ಸ್ಟೇಷನ್ನಿನಲ್ಲಿ ಒಂದು ರೈಲು ತಪ್ಪಿತು. ಮುಂದಿನದರಲ್ಲಿ ಕೂತು ಪಿಜ್ಜಾ ತಿಂದೆವು.

"ಹೇಗಿತ್ತು?" ಅಂದೆ. ಆಕಾಶಕ್ಕೆ ಹಾರುತ್ತಾಳೆ ಅಂದುಕೊಂಡಿದ್ದೆ. ಅವಳು ಪಿಜ್ಜಾದ ಅಂಚು ಮುರಿಯುತ್ತ, "ಚೆನ್ನಾಗಿತ್ತು. ಆದರೆ ನನ್ನ ಮೈಕಲ್ ಇನ್ನೂ ಸ್ವಲ್ಪ ಎತ್ತರ," ಅಂದಳು. ಆಮೇಲೆ, ಮೊದಲ ಅಂಕದ ಕೊನೆಯ ಹಾಡು ಇರಬಾರದಿತ್ತು ಅಂದಳು. ಅದು ನ್ಯೂಯಾರ್ಕಿಗೆ ಬಂದಾಗ ಹೊಸದಾಗಿ ಸೇರಿಸಿದ್ದು.

"ಯಾಕೆ, ಏನಾಗಿದೆ ಅದಕ್ಕೆ?"

"ಮೊದಲಿನ ರೆಕಾರ್ಡಿನಲ್ಲಿ ಇಲ್ಲವಲ್ಲ ಮಾವ."

ನನಗೆ ಇಡೀ ನಾಟಕದಲ್ಲಿ ಅದೇ ಹಾಡು ಹೆಚ್ಚು ಹಿಡಿಸಿತ್ತು. ಹಾಗೇ ಹೇಳಿದೆ. ನಾವು ಇಳಿಯುವ ಮೆಟ್ರೋಪಾರ್ಕ್ ಸ್ಟೇಷನ್ ಬರುವವರೆಗೆ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಯಾಕೆ ಆಡಬೇಕು, ಟಿಕೆಟಿನ ದುಡ್ಡು ನನ್ನದು.